ಹಲಸಿನ ಹಪ್ಪಳ ಆನ್‌ಲೈನಿನಲ್ಲಿ ಮಾರಿದರೆ ಕೈಗೆ ಎಷ್ಟು ಉಳಿಯುತ್ತದೆ? ಗಡಿ ದಾಟುವ ಮಾಲಿನ ಜಿಎಸ್‌ಟಿ ಹೇಗೆ?

ಎಣ್ಮಕಜೆ_ಹಪ್ಪಳ:
ಕಾಸರಗೋಡಿನ ಪೆರ್ಲದ ಹತ್ತಿರದ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಯೋಜನೆ) ಘಟಕ, ಆರು ಜನ. ಹಲಸಿನ ಹಪ್ಪಳದ 25ರ ಕಟ್ಟು ಸುಮಾರು 200 ಗ್ರಾಂ ಬರುತ್ತದೆ. ಅಂಗಡಿಗೆ ಕೊಟ್ಟರೆ ಕಟ್ಟಿಗೆ 90 ರೂಪಾಯಿ. ಕೇಳುವವರು ಹೆಚ್ಚಿನವರೂ ಮಂಗಳೂರು, ಬೆಂಗಳೂರಿನಲ್ಲಿದ್ದಾರೆ. ದೊಡ್ಡ ಆನ್‌ಲೈನ್ ಮಾರಾಟ ತಾಣಕ್ಕೆ ಸೇರಿ ಒಂದು ಕಟ್ಟನ್ನು 160ಕ್ಕೆ ಹಾಕಿದರೆ ಲಾಭ ಉಂಟೇ? ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರ್ ಇದೆ, ಜಿಎಸ್‌ಟಿ ಇಲ್ಲ. ಮುಂದೆ ಪುನರ್ಪುಳಿ ಶರಬತ್ತನ್ನೂ ಸೇರಿಸುವ ಯೋಚನೆ ಇದೆ.

ಲೆಕ್ಕಪತ್ರ_ಬದಿಯಡ್ಕ:
ಅಕ್ಕ, 160ಕ್ಕೆ ಒಂದೊಂದೇ ಕಟ್ಟು ಹಾಕಬೇಡಿ, ನಷ್ಟ. ಲೆಕ್ಕ ನೋಡಿ. ದರಗಳು ಉದಾಹರಣೆಗೆ ಹಿಡಿದವು, ನೀವು ಸೇರುವ ತಾಣದ ದರಪಟ್ಟಿ ನೋಡಿ ಬದಲಾಯಿಸಿಕೊಳ್ಳಿ. ಕಮಿಷನ್ 10 ಶೇಕಡ ಅಂದರೆ 16 ರೂಪಾಯಿ, ನಿಗದಿ ಶುಲ್ಕ 10, ಬೇರೆ ರಾಜ್ಯಕ್ಕೆ ಅರ್ಧ ಕಿಲೋ ಸಾಗಾಟ 65. ಒಟ್ಟು 91. ಈ ಶುಲ್ಕಗಳ ಮೇಲೆ 18 ಶೇಕಡ ಜಿಎಸ್‌ಟಿ, 16.38. ಇದನ್ನು ಮೊದಲ ಸಲ ಮಾರುವವರು ಹೆಚ್ಚಾಗಿ ಮರೆಯುತ್ತಾರೆ. ಡಬ್ಬಿಗೆ 12 ಕಳೆದರೆ ಕೈಗೆ 40 ರೂಪಾಯಿ ಚಿಲ್ಲರೆ. ಅಂಗಡಿಯವರು 90 ಕೊಡುತ್ತಾರಲ್ಲ!

ನಾಲ್ಕು ಕಟ್ಟು ಒಂದೇ ಡಬ್ಬಿಯಲ್ಲಿ 720ಕ್ಕೆ ಹಾಕಿ. ಕಮಿಷನ್ 72, ನಿಗದಿ 25, ಸಾಗಾಟ 110, ಇವುಗಳ ಮೇಲಿನ ಜಿಎಸ್‌ಟಿ 37.26, ಡಬ್ಬಿ 25. ಉಳಿಯುವುದು 450.74, ಅಂದರೆ ಕಟ್ಟಿಗೆ 112. ಸಾಗಾಟದ ಹೊರೆ ನಾಲ್ಕರ ಮೇಲೆ ಹಂಚಿಹೋಗುವುದೇ ಇಲ್ಲಿನ ಗುಟ್ಟು.

ಡಬ್ಬಿಯ ಗಾತ್ರದ ಮೇಲೂ ಕಣ್ಣಿಡಿ. ಕೊರಿಯರ್‌ನವರು ತಕ್ಕಡಿಯ ತೂಕ ಮತ್ತು ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಸಿಗುತ್ತದೆ. 32×17×12ರ ಡಬ್ಬಿ 1.3 ಕಿಲೋ ಆಗುತ್ತದೆ, ಒಂದೂವರೆ ಕಿಲೋದ ದರದಲ್ಲಿ ಹೋಗುತ್ತದೆ. ಇರಲಿ ಎಂದು 40×25×20ರ ಡಬ್ಬಿ ತಂದರೆ ಅದೇ ನಾಲ್ಕು ಕಟ್ಟಿಗೆ 4 ಕಿಲೋದ ಸಾಗಾಟ ತೆರಬೇಕು.

ಇನ್ನು ಜಿಎಸ್‌ಟಿ. ನಮ್ಮ ಗಡಿಯವರಿಗೆ ತೊಡಕು ಇರುವುದೇ ಇಲ್ಲಿ. ವರ್ಷಕ್ಕೆ 40 ಲಕ್ಷ ದಾಟದ ಸಣ್ಣ ಮಾರಾಟಗಾರರು ನೋಂದಣಿ ಇಲ್ಲದೆ ಆನ್‌ಲೈನ್ ತಾಣಗಳಲ್ಲಿ ವಸ್ತು ಮಾರಬಹುದು ಎಂಬ ವಿನಾಯಿತಿ 2023ರ ಅಕ್ಟೋಬರ್ 1ರಿಂದ ಬಂದಿದೆ. ಅದಕ್ಕೆ ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಆದರೆ ಅದು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಪೆರ್ಲದಿಂದ ತಿರುವನಂತಪುರಕ್ಕೆ ಕಳಿಸಿದರೆ ರಾಜ್ಯದೊಳಗೆ, ಗಡಿಯ ಸಾರಡ್ಕ ದಾಟಿ ಕರ್ನಾಟಕದ ವಿಟ್ಲಕ್ಕೆ ಕಳಿಸಿದರೆ ಅಂತರರಾಜ್ಯ. ನಮ್ಮ ಗಿರಾಕಿ ಇರುವುದೆಲ್ಲ ಆ ಕಡೆ. ಹಾಗಾಗಿ ಈ ವಿನಾಯಿತಿ ನಮ್ಮ ಕೈಗೆ ಸಿಕ್ಕಿದರೂ ಬಾಯಿಗೆ ಬರುವುದಿಲ್ಲ.

ನಿಮ್ಮ ಪುಣ್ಯಕ್ಕೆ ಹಪ್ಪಳಕ್ಕೆ ಜಿಎಸ್‌ಟಿ ಶೂನ್ಯ, ಯಾವ ಹೆಸರಿನ ಹಪ್ಪಳವಾದರೂ ಸರಿ. ತೆರಿಗೆ ಇಲ್ಲದ ವಸ್ತುವನ್ನೇ ಮಾರುವವರಿಗೆ ಕಾಯ್ದೆ ಪ್ರಕಾರ ನೋಂದಣಿಯ ಕಡ್ಡಾಯವಿಲ್ಲ. ಆದರೆ ಖಾತೆ ತೆರೆಯುವಾಗ ಜಿಎಸ್‌ಟಿ ನಂಬರ್ ಕೇಳುವ ತಾಣಗಳೂ ಇವೆ, ಮೊದಲೇ ವಿಚಾರಿಸಿ. ಶರಬತ್ತು ಹಾಗಲ್ಲ, ಅದು ತೆರಿಗೆಯ ವಸ್ತು. ಪಟ್ಟಿಗೆ ಅದು ಸೇರಿ ಒಂದು ಬಾಟ್ಲಿ ಗಡಿ ದಾಟಿದರೂ ನೋಂದಣಿ ಬೇಕು. ನೋಂದಣಿ ಆದ ಮೇಲೆ ತೆರಿಗೆಯ ವಸ್ತುವಿನ ಮಾರಾಟದಲ್ಲಿ ತಾಣದವರು 0.5 ಶೇಕಡ ಟಿಸಿಎಸ್, ಅಂದರೆ ಮಾರಾಟದ ದುಡ್ಡಿನಿಂದಲೇ ಮುಂಚಿತವಾಗಿ ತೆರಿಗೆ ಹಿಡಿಯುತ್ತಾರೆ (2024ರ ಜುಲೈ 10ಕ್ಕೆ ಮುಂಚೆ 1 ಶೇಕಡ ಇತ್ತು). ಅದು ಹೋದ ದುಡ್ಡಲ್ಲ, ಪೋರ್ಟಲಿನಲ್ಲಿ ಒಪ್ಪಿಕೊಂಡರೆ ನಿಮ್ಮ ನಗದು ಲೆಡ್ಜರಿಗೆ (ಪೋರ್ಟಲಿನಲ್ಲಿರುವ ನಿಮ್ಮ ಜಿಎಸ್‌ಟಿ ಖಾತೆಗೆ) ಬರುತ್ತದೆ. ಒಪ್ಪಿಕೊಳ್ಳದೆ ಬಿಟ್ಟರೆ ಅಲ್ಲೇ ಇರುತ್ತದೆ.

ಬೆಂಗಳೂರಿನಲ್ಲಿರುವ ತಾಣದ ಗೋದಾಮಿಗೆ ಮಾಲು ಮೊದಲೇ ಕಳಿಸಿಡಿ, ಬೇಗ ತಲುಪುತ್ತದೆ ಎಂದು ಫೋನು ಬರಬಹುದು. ತೆರಿಗೆಯ ವಸ್ತು ಅಲ್ಲಿ ಇಟ್ಟು ಮಾರಬೇಕಾದರೆ 32ರಿಂದ ಶುರುವಾಗುವ ಕೇರಳದ ಜಿಎಸ್‌ಟಿ ನಂಬರ್ ಸಾಲದು, 29ರಿಂದ ಶುರುವಾಗುವ ಕರ್ನಾಟಕದ ಬೇರೆ ನೋಂದಣಿ ಬೇಕು, ಎರಡಕ್ಕೂ ರಿಟರ್ನ್ ತುಂಬಬೇಕು. ಆರು ಜನರ ಘಟಕಕ್ಕೆ ಸದ್ಯ ಆ ಉಸಾಬರಿ ಬೇಡ.

ಪ್ಯಾಕಿಂಗ್_ಕುಂಬಳೆ:
ಮೇಲಿನ ಲೆಕ್ಕದಲ್ಲಿ ವಾಪಸು ಬರುವ ಮಾಲು ಇಲ್ಲ. ಹಪ್ಪಳದಲ್ಲಿ ಪೆಟ್ಟು ಬೀಳುವುದು ಅಲ್ಲಿಯೇ. ಒಂದು ಡಬ್ಬಿ ವಾಪಸು ಬಂದು ಎರಡೂ ಕಡೆಯ ಸಾಗಾಟ ನಿಮ್ಮ ತಲೆಗೆ ಬಿದ್ದರೆ ಜಿಎಸ್‌ಟಿ ಸೇರಿ 260 ರೂಪಾಯಿ. ಅಂಗಡಿ ದರಕ್ಕಿಂತ ಹೆಚ್ಚು ಸಿಗುವುದು ಡಬ್ಬಿಗೆ 90ರಷ್ಟು. ಒಂದು ವಾಪಸಾತಿ ಮೂರು ಡಬ್ಬಿಯ ಲಾಭ ನುಂಗುತ್ತದೆ, ಪುಡಿಯಾದ ಹಪ್ಪಳ ಬೇರೆ. ಅದಕ್ಕೇ ಮೊದಲ ಮೂರು ತಿಂಗಳು ಸಾಧ್ಯವಾದರೆ ಕ್ಯಾಶ್ ಆನ್ ಡೆಲಿವರಿ ತೆಗೆದುಬಿಡಿ. ಬಾಗಿಲಲ್ಲಿ "ಬೇಡ" ಎನ್ನುವುದು ಹೆಚ್ಚಾಗಿ ದುಡ್ಡು ಮೊದಲೇ ಕೊಡದವರು.

ಹಪ್ಪಳ ಹಾಳಾಗುವುದು ಎರಡು ರೀತಿ, ಒಡೆಯುವುದು ಮತ್ತು ಬೂಸ್ಟು. ಒಡೆಯುವುದು ಡಬ್ಬಿಯೊಳಗೆ ಕಟ್ಟು ಅಲುಗಾಡುವುದರಿಂದ. ಕಟ್ಟಿನ ಮೇಲೆ ಕೆಳಗೆ ಹಪ್ಪಳದ ಅಳತೆಗೆ ಕತ್ತರಿಸಿದ ದಪ್ಪ ರಟ್ಟು ಇಡಿ, ನಡುವಿನ ಸಂದಿಗೆ ಕಾಗದ ತುರುಕಿ, ಅಲುಗಿಸಿದರೆ ಸದ್ದು ಬರಬಾರದು. ಮೂರು ಪದರದ ಡಬ್ಬಿ ಬೇಡ, ಐದು ಪದರದ್ದು ಬೇಕು. ಮಾರುವ ಮುಂಚೆ ಒಂದು ಡಬ್ಬಿಯನ್ನು ಸೊಂಟದ ಎತ್ತರದಿಂದ ಆರೂ ಮೈ ಮೇಲೆ ಒಂದೊಂದು ಸಲ ಬೀಳಿಸಿ ಬಿಚ್ಚಿ ನೋಡಿ. ಕಟ್ಟಿಗೆ ಒಂದೆರಡಕ್ಕಿಂತ ಹೆಚ್ಚು ಒಡೆದರೆ ಪ್ಯಾಕಿಂಗ್ ಬದಲಾಯಿಸಿ.

ಬೂಸ್ಟು ಬರುವುದು ಬಿಸಿಲಿನಿಂದ ತೆಗೆದ ಬಿಸಿ ಹಪ್ಪಳವನ್ನು ಆಗಲೇ ತೊಟ್ಟೆಗೆ ಹಾಕಿ ಸೀಲ್ ಮಾಡುವುದರಿಂದ. ಒಳಗೆ ಬೆವರುತ್ತದೆ. ನೆರಳಿನಲ್ಲಿ ಪೂರ್ತಿ ತಣಿಸಿ, ಮಡಚಿದರೆ ಬಾಗದೆ ಟಕ್ಕನೆ ಮುರಿಯಬೇಕು, ಆಮೇಲೆ ದಪ್ಪ ತೊಟ್ಟೆಯಲ್ಲಿ ಸೀಲ್. ಮಳೆಗಾಲದ ಆಟಿ ತಿಂಗಳಲ್ಲಿ ಕಳಿಸುವುದಾದರೆ ಡಬ್ಬಿಯ ಹೊರಗೂ ಒಂದು ಪ್ಲಾಸ್ಟಿಕ್ ಕವರು ಬೇಕೇ ಬೇಕು.

ಲೇಬಲ್ ಕನ್ನಡದಲ್ಲಿ ಮಾತ್ರ ಇದ್ದರೆ ನಡೆಯುವುದಿಲ್ಲ, ಇಂಗ್ಲಿಷ್ ಅಥವಾ ಹಿಂದಿ ಇರಬೇಕು, ಕನ್ನಡ ಜೊತೆಗೆ ಹಾಕಬಹುದು. ತಯಾರಕರ ಪೂರ್ತಿ ವಿಳಾಸ, ಸಾಮಗ್ರಿ, ನಿವ್ವಳ ತೂಕ ಗ್ರಾಮಿನಲ್ಲಿ, ತಯಾರಾದ ದಿನ, ಬಾಳಿಕೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿನ ಫೋನು, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. "25 ಹಪ್ಪಳ" ಎಂದು ಬರೆದು ತೂಕ ಬಿಡಬೇಡಿ. 200 ಗ್ರಾಂ ಎಂದು ಬರೆದು 190 ಬಂದರೂ ದೂರು ಬರುತ್ತದೆ, ಪ್ರತಿ ಕಟ್ಟು ತೂಗಿ.

ಡಬ್ಬಿ ಮುಚ್ಚುವುದನ್ನು ಮೊಬೈಲಿನಲ್ಲಿ ಒಂದೇ ಉದ್ದಕ್ಕೆ ವಿಡಿಯೋ ಮಾಡಿ, ತಕ್ಕಡಿಯ ಮೇಲೆ ಇಟ್ಟ ಫೋಟೋ, ಟೇಪು ಹಿಡಿದ ಫೋಟೋ ಇಟ್ಟುಕೊಳ್ಳಿ. ತೂಕ ಹೆಚ್ಚೆಂದು ಕೊರಿಯರ್‌ನವರು ಹೆಚ್ಚುವರಿ ಹಿಡಿದರೆ ತಕರಾರು ಹಾಕಲು ಬೇರೆ ಸಾಕ್ಷಿ ಇರುವುದಿಲ್ಲ.

ಗಡಿನಾಡು_ಉಪ್ಪಳ:
ಇಷ್ಟೆಲ್ಲ ಯಾಕೆ? ಗಿರಾಕಿಗಳು ಗುರುತಿನವರಾದರೆ ವಾಟ್ಸಾಪಿನಲ್ಲಿ ಆರ್ಡರ್, ಯುಪಿಐಯಲ್ಲಿ ದುಡ್ಡು, ಸ್ಪೀಡ್ ಪೋಸ್ಟಿನಲ್ಲಿ ಪಾರ್ಸೆಲ್. ಕಮಿಷನ್ ಇಲ್ಲ, ಶರಬತ್ತನ್ನೂ ಕಳಿಸಬಹುದು. ಒಂದು ಎಚ್ಚರ: ಸೇನೆಯ ಕ್ಯಾಂಟೀನಿಗೆ 200 ಕಟ್ಟು ಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಮುಂಗಡ ಬರುತ್ತದೆ ಎನ್ನುವವರಿದ್ದಾರೆ. ದುಡ್ಡು ಬರಲು ಪಿನ್ ಬೇಡ, ಪಿನ್ ಒತ್ತಿದರೆ ಹೋಗುವುದು ನಿಮ್ಮದೇ. ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ, ತಡವಾದಷ್ಟು ದುಡ್ಡು ಬೇರೆ ಬೇರೆ ಖಾತೆಗೆ ಹಾರುತ್ತದೆ.

ಲೆಕ್ಕಪತ್ರ_ಬದಿಯಡ್ಕ:
ಹಪ್ಪಳದ ಮಟ್ಟಿಗೆ ಒಪ್ಪಿದೆ. ಶರಬತ್ತಿನ ಮಾತು ತಪ್ಪು ಅಣ್ಣ. ತೆರಿಗೆಯ ವಸ್ತು ಬೇರೆ ರಾಜ್ಯಕ್ಕೆ ಮಾರಿದರೆ ವಾಟ್ಸಾಪ್ ಆದರೂ ಅಂತರರಾಜ್ಯವೇ, ನೋಂದಣಿ ಕಡ್ಡಾಯ. ಅಕ್ಕ, ಹಪ್ಪಳವನ್ನು ಎರಡೂ ಕಡೆ ಮಾರಿ: ಹೊಸ ಗಿರಾಕಿ ತಾಣದಿಂದ ಬರಲಿ, ಹಳಬರು ಫೋನಿನಲ್ಲಿ. ಆದರೆ ತಾಣದ ಡಬ್ಬಿಯೊಳಗೆ "ಮುಂದೆ ನಮಗೇ ಫೋನು ಮಾಡಿ" ಎಂಬ ಚೀಟಿ ಹಾಕಬೇಡಿ. ಅದು ಅವರ ನಿಯಮಕ್ಕೆ ವಿರುದ್ಧವಾದರೆ ಖಾತೆ ನಿಲ್ಲಿಸುತ್ತಾರೆ. ಶರಬತ್ತನ್ನು ಸದ್ಯ ಕೇರಳದೊಳಗೇ ಮಾರಿ.

ಎಣ್ಮಕಜೆ_ಹಪ್ಪಳ:
ಉಪಕಾರ ಆಯಿತು. ಸೀಲಿಂಗ್ ಮೆಷಿನು ಆನ್‌ಲೈನಿನಲ್ಲೇ ತರಿಸಬಹುದೇ? ಕೆಟ್ಟದ್ದು ಬಂದರೆ ಬೆಂಗಳೂರಿಗೆ ಓಡಾಡಬೇಕೇ?

ಪ್ಯಾಕಿಂಗ್_ಕುಂಬಳೆ:
ಓಡಾಡಬೇಕಿಲ್ಲ. 2019ರ ಗ್ರಾಹಕ ಕಾಯ್ದೆಯಲ್ಲಿ ದೂರುದಾರರು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಅಂದರೆ ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ತಾಣದ ದೂರು ಅಧಿಕಾರಿಗೆ ಬರೆಯಿರಿ, 48 ಗಂಟೆಯಲ್ಲಿ ದೂರು ಸಿಕ್ಕಿದೆ ಎನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರಲ್ಲ ಎಂದು ಅವರು ವಾದಿಸಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದಕ್ಕೆ ಕಾಯ್ದೆಯಲ್ಲಿ ರಕ್ಷಣೆ ಇದೆ, ದೂರಿನಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಿರಿ.

ಕೈಯಲ್ಲಿ ಒತ್ತುವ ಮೆಷಿನು ಸಾಕು, 12 ಇಂಚಿನದು ತೆಗೆದುಕೊಳ್ಳಿ. 8 ಇಂಚಿನದರಲ್ಲಿ ಹಪ್ಪಳದ ತೊಟ್ಟೆಯ ಬಾಯಿ ಹಿಡಿಯುವುದಿಲ್ಲ. ಬಿಸಿಯಾಗುವ ತಂತಿ ಮತ್ತು ಅದರ ಮೇಲಿನ ಟೆಫ್ಲಾನ್ ಪಟ್ಟಿ ಸವೆಯುವ ಭಾಗಗಳು, ಎರಡೂ ಬಿಡಿಯಾಗಿ ಸಿಗುವ ಮಾದರಿಯೇ ಬೇಕು. ಬಂದ ದಿನವೇ ಬಿಚ್ಚುವ ವಿಡಿಯೋ ಮಾಡಿ, ಹತ್ತು ತೊಟ್ಟೆ ಸೀಲ್ ಮಾಡಿ ನೀರಿನಲ್ಲಿ ಅದ್ದಿ ಹಿಂಡಿ ನೋಡಿ. ಗುಳ್ಳೆ ಬಂದರೆ ಬಿಸಿಯ ಗುಂಡಿ ಒಂದು ಅಂಕಿ ಏರಿಸಿ ಮತ್ತೊಮ್ಮೆ ಹತ್ತು ತೊಟ್ಟೆ. ಆಗಲೂ ಗುಳ್ಳೆ ನಿಲ್ಲದಿದ್ದರೆ ವಾಪಸಾತಿಯ ಗಡುವಿನೊಳಗೆ ಕಳಿಸಿಬಿಡಿ.