ಈಸ್ಟರ್ ಮೊಟ್ಟೆಗೆ ಮನೆಯಲ್ಲೇ ಬಣ್ಣ: ಪುಟ್ಟ ಮಕ್ಕಳಿದ್ದರೆ ಹೇಗೆ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಕ್ಕಳಿಗೆ 3 ಮತ್ತು 6 ವರ್ಷ. ಪಕ್ಕದ ಮನೆಯವರನ್ನು ನೋಡಿ ನಮಗೂ ಮೊಟ್ಟೆಗೆ ಬಣ್ಣ ಹಾಕಬೇಕು ಅಂತ ಹಟ. ಅಂಗಡಿಯ ಕಿಟ್ ತರಲೇಬೇಕಾ? ಹೋಳಿ ಬಣ್ಣ ಒಂದು ಪ್ಯಾಕೆಟ್ ಉಳಿದಿದೆ, ನಡೆಯುತ್ತಾ? ಆಮೇಲೆ ಆ ಮೊಟ್ಟೆ ತಿನ್ನಬಹುದಾ? ಫುಡ್ ಟೆಕ್ನಾಲಜಿಯವರು ಯಾರಾದರೂ ಇದ್ದರೆ ಹೇಳಿ.

ಉತ್ತರ (ಫುಡ್ ಟೆಕ್ನಾಲಜಿಸ್ಟ್): ಹೋಳಿ ಬಣ್ಣ ಬೇಡವೇ ಬೇಡ ಮೇಡಂ. ಅದು ಹೊಟ್ಟೆಗೆ ಹೋಗುವ ಬಣ್ಣ ಅಲ್ಲ, ಮೊಟ್ಟೆ ಚಿಪ್ಪಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಬೇಯುವಾಗ ಬಿರುಕು ಬಿಟ್ಟಿದ್ದರಂತೂ ಬಣ್ಣ ನೇರ ಒಳಗೇ ಇಳಿಯುತ್ತದೆ.

ಕಿಟ್ ಕೂಡ ಬೇಕಿಲ್ಲ. ಅರ್ಧ ಕಪ್ ಬಿಸಿನೀರು, ಒಂದು ಟೀ ಚಮಚ ಬಿಳಿ ವಿನಿಗರ್, 10ರಿಂದ 20 ಹನಿ ಫುಡ್ ಕಲರ್. ಗಟ್ಟಿಯಾಗಿ ಬೇಯಿಸಿ ಆರಿಸಿದ ಮೊಟ್ಟೆಯನ್ನು 5 ನಿಮಿಷ ಮುಳುಗಿಸಿ. ವಿನಿಗರ್ ಬಿಡಬೇಡಿ, ಹುಳಿ ಇಲ್ಲದಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಾಗಂತ ಸುರಿಯಲೂಬೇಡಿ, ಚಿಪ್ಪಿನ ಸುಣ್ಣ ಕರಗಿ ಗುಳ್ಳೆ ಏಳುತ್ತದೆ. ನೀರು ಉಗುರುಬೆಚ್ಚಗಾದ ಮೇಲೆಯೇ ಮಕ್ಕಳನ್ನು ಕರೆಯಿರಿ. ಮೂರು ವರ್ಷದ ಕೈಯಲ್ಲಿ ಚಮಚದ ಮೇಲೆ ಮೊಟ್ಟೆ ನಿಲ್ಲಲ್ಲ. ಕೇಕ್ ಹಿಟ್ಟು ಕಲಕುವ ತಂತಿ ವಿಸ್ಕ್ ಇದೆಯಲ್ವಾ, ಅದರ ತಂತಿಗಳ ನಡುವೆ ಮೊಟ್ಟೆ ತೂರಿಸಿ ಹಿಡಿ ಕೊಟ್ಟುಬಿಡಿ, ಅದ್ದುವುದು ಎತ್ತುವುದು ಅವರೇ ಮಾಡಿಕೊಳ್ಳುತ್ತಾರೆ. ಆರು ವರ್ಷದ ಮಗುವಿಗೆ ಬಿಳಿ ಕ್ರೆಯಾನ್ ಕೊಡಿ, ಅದ್ದುವ ಮೊದಲು ಚಿಪ್ಪಿನ ಮೇಲೆ ಹೆಸರು ಬರೆಯಲಿ. ಮೊದಲೇ ಗೀಚಿದ ಕಡೆ ಮೇಣಕ್ಕೆ ಬಣ್ಣ ಅಂಟುವುದಿಲ್ಲ, ಹೆಸರು ಬೆಳ್ಳಗೆ ಎದ್ದು ಕಾಣುತ್ತದೆ.

ನನ್ನನ್ನು ಕೇಳಿದರೆ ಅಡುಗೆಮನೆ ಬಣ್ಣಗಳೇ ಚೆಂದ. ಈರುಳ್ಳಿ ಸಿಪ್ಪೆ ಕುದಿಸಿದರೆ ಇಟ್ಟಿಗೆ ಕೆಂಪು, ಅರಿಶಿನಕ್ಕೆ ಹಳದಿ (ಬಟ್ಟೆ ಜೋಪಾನ). ತಮಾಷೆ ಇರುವುದು ನೇರಳೆ ಎಲೆಕೋಸಿನಲ್ಲಿ. ಕುದಿಸಿ ಸೋಸಿ, ವಿನಿಗರ್ ಬೆರೆಸಿದರೆ ನೀರು ಗುಲಾಬಿಗೆ ತಿರುಗುತ್ತದೆ, ಆದರೆ ಅದರಲ್ಲಿ ಬಿಳಿ ಮೊಟ್ಟೆ ಇಟ್ಟರೆ ಎದ್ದು ಬರುವುದು ನೀಲಿಯಾಗಿ! ಆ ಬಣ್ಣ ಹುಳಿಯಲ್ಲಿ ಕೆಂಪು, ಸುಣ್ಣದ ಚಿಪ್ಪು ಮುಟ್ಟಿದರೆ ನೀಲಿ. ಗಾಢ ಬಣ್ಣ ಬೇಕಿದ್ದರೆ ರಾತ್ರಿಯಿಡೀ ಫ್ರಿಡ್ಜ್‌ನಲ್ಲಿಡಿ.

ತಿನ್ನುವ ಮೊಟ್ಟೆ ಫ್ರಿಡ್ಜ್‌ನಿಂದ ಹೊರಗೆ ಒಟ್ಟು 2 ಗಂಟೆ ಮೀರಬಾರದು, ಒಂದು ವಾರದೊಳಗೆ ಮುಗಿಸಿ. ಹುಲ್ಲಿನಲ್ಲಿ ಬಚ್ಚಿಟ್ಟು ಹುಡುಕುವ ಆಟಕ್ಕೆ ಪ್ಲಾಸ್ಟಿಕ್ ಮೊಟ್ಟೆ ಸಾಕು.

ಪ್ರಶ್ನೆ: ಥ್ಯಾಂಕ್ಸ್ ಮೇಡಂ! ಮನೇಲಿರುವುದು ಕಂದು ಮೊಟ್ಟೆ. ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಬಣ್ಣ ಮಂಕು. ಈರುಳ್ಳಿ ಸಿಪ್ಪೆ ಮಾತ್ರ ಕಂದು ಚಿಪ್ಪಿಗೂ ಚೆನ್ನಾಗಿ ಒಪ್ಪುತ್ತೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮನೆಗೆ ಮೊಟ್ಟೆ ತರುವ ಹಾಗೇ ಇಲ್ಲ, ಅತ್ತೆ ಬೇರೆ ಬಂದಿದ್ದಾರೆ. ಮಗಳು ಕೇಳಬೇಕಲ್ಲ!

ಉತ್ತರ: ಕ್ರಾಫ್ಟ್ ಅಂಗಡಿಯಲ್ಲಿ ಪಾಲಿಶ್ ಇಲ್ಲದ ಮರದ ಮೊಟ್ಟೆ ಸಿಗುತ್ತೆ, ತನ್ನಿ. ಅದ್ದುವುದು ಬೇಡ, ಬ್ರಷ್‌ನಲ್ಲಿ ಮಕ್ಕಳ ಪೇಂಟ್ ಹಚ್ಚಿಸಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ರಂಗೋಲಿ ಕೈ ಇದ್ದರೆ ಚುಕ್ಕಿ ಅವರೇ ಇಡಲಿ.