ಮಾಲಕರು ಊರಾಗ ಇಲ್ಲದ ದಿನ ಮಷಿನ್ ನಿಲ್ಲಬಾರದು ಅಂದ್ರೆ ಏನ್ ಮಾಡಬೇಕ್ರೀ?

ಗೋಕುಲರೋಡ್_ವಾಲ್ವ್:
ನಮಸ್ಕಾರ್ರೀ. ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ವಾಲ್ವ್ ಬಾಡಿ ಮಷಿನಿಂಗ್, ಅಸೆಂಬ್ಲಿ ಕೆಲಸ. 24 ಜನ, 5 ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್), 3 ಹಳೇ ಲೇಥು, ನೀರಿನ ಒತ್ತಡ ಹಾಕಿ ಸೋರಿಕೆ ನೋಡುವ ಒಂದು ಹೈಡ್ರೋ ಟೆಸ್ಟ್ ಬೆಂಚು. ಇನ್ಸರ್ಟ್ (ಲೋಹ ಕಡಿಯುವ ಬದಲಿಸಬಹುದಾದ ತುದಿ) ತರಿಸುವುದರಿಂದ ಹಿಡಿದು ರಜೆ ಕೊಡುವವರೆಗೆ ಎಲ್ಲಕ್ಕೂ ಮಾಲಕರಿಗೇ ಫೋನು. ಅವರು ಬಾಕಿ ವಸೂಲಿಗೆ ಪುಣೆಗೆ ಹೋದರೆ ಎರಡು ಮಷಿನ್ ಸುಮ್ಮನೆ ನಿಲ್ಲುತ್ತವೆ. ಮೊದಲು 200 ನಗದ (ಪೀಸಿನ) ಲಾಟು ಬರುತ್ತಿತ್ತು, ಈಗ 15-20ರ ಲಾಟು, ಪ್ರತಿ ಲಾಟಿಗೂ ಬೇರೆ ಡ್ರಾಯಿಂಗು. ಸೂಪರ್‌ವೈಸರ್ ಕೈಗೆ ಅಧಿಕಾರ ಕೊಟ್ಟರೆ ಖರ್ಚು ಹದ್ದು ಮೀರುತ್ತದೆ ಎಂಬ ಹೆದರಿಕೆ ಅವರಿಗೆ. ಎಲ್ಲಿಂದ ಶುರು ಮಾಡುವುದು?

ತಾರಿಹಾಳ_ಶಿಫ್ಟ್:
ಮೊದಲ ಅಧಿಕಾರ ಹಂಚಾಕ ಹೋಗಬ್ಯಾಡ್ರಿ. ಎರಡು ವಾರ ಒಂದು ನೋಟ್‌ಬುಕ್ ಇಡ್ರಿ. ಯಾರು ಫೋನ್ ಮಾಡಿದ್ರು, ಏನು ಕೇಳಿದ್ರು, ಮಾಲಕರು ಏನಂದ್ರು, ಮೂರೇ ಕಾಲಂ. ಎರಡು ವಾರ ಆದಮ್ಯಾಗ ಓದಿ ನೋಡ್ರಿ, ಯಾವ ಪ್ರಶ್ನೆಗೆ ಪ್ರತಿ ಸಲ ಒಂದೇ ಉತ್ತರ ಬಂದೈತೋ ಆ ಪ್ರಶ್ನೆ ಮಾಲಕರದ್ದಲ್ಲ. ಅದನ್ನ ನಿಯಮ ಮಾಡಿ ಗೋಡಿಗೆ ಹಚ್ರಿ.

ಉದಾಹರಣೆಗೆ ಇನ್ಸರ್ಟ್. ಒಂದು ಡಬ್ಬ್ಯಾಗ 10 ಇರ್ತಾವ. ಎರಡು ಡಬ್ಬಿ ಉಳದ ಕೂಡಲೇ ಸೂಪರ್‌ವೈಸರ್ ಆರ್ಡರ್ ಹಾಕಬೇಕು, ಕೇಳೂದಿಲ್ಲ. ಖರ್ಚಿಗೆ ಮಿತಿ ಇಡ್ರಿ: ಒಂದು ಬಿಲ್ಲಿಗೆ 5,000, ವಾರಕ್ಕ 20,000. ನಿಮ್ಮ ವ್ಯವಹಾರ ನೋಡ್ಕೊಂಡು ಅಂಕಿ ಬದಲಿಸ್ರಿ. ಶನಿವಾರ ಸಂಜೆ ಬಿಲ್ ಎಲ್ಲ ಕೂಡಿ ನೋಡೂದು. ನಡುವ ಬಂದು ಒಂದೊಂದು ಬಿಲ್ಲಿಗೂ "ಇದ್ಯಾಕ?" ಅಂತ ಕೇಳಿದ್ರ ಮುಗೀತು, ಮರುದಿನದಿಂದ ಆತ ಮತ್ತ ಫೋನೇ ಹಚ್ಚತಾನ. ಹೆಚ್ಚಿನ ಕಡೆ ಕೆಡೂದು ಇಲ್ಲೇ.

ಕ್ವಾಲಿಟಿ_ಬೆಂಚ್:
ಖರೀದಿ ಸುಲಭದ ಭಾಗ. ಮಷಿನ್ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದೇ ನನ್ನ ಪ್ರಕಾರ ದೊಡ್ಡ ಪ್ರಶ್ನೆ. 200 ನಗಕ್ಕೆ ಮೊದಲು ಒಂದು ಸೆಟ್ಟಿಂಗ್ (ಡ್ರಾಯಿಂಗಿಗೆ ತಕ್ಕಂತೆ ಮಷಿನ್ ಹೊಂದಿಸುವುದು) ಸಾಕಿತ್ತು. 15ರ ಲಾಟಿನಲ್ಲಿ ಅಷ್ಟೇ ನಗಕ್ಕೆ 13-14 ಸೆಟ್ಟಿಂಗ್, ಅಂದರೆ ತಪ್ಪಾಗುವ ಜಾಗವೂ ಅಷ್ಟು. ಆದ್ದರಿಂದ ಫಸ್ಟ್ ಪೀಸ್ ಪಾಸಾಗದೆ ಎರಡನೆಯದು ಮಷಿನಿಗೆ ಏರಬಾರದು. ಫ್ಲೇಂಜಿನ ಪಿಸಿಡಿ (ಬೋಲ್ಟ್ ತೂತುಗಳ ಸುತ್ತಿನ ವ್ಯಾಸ), ಫೇಸ್-ಟು-ಫೇಸ್ ಅಳತೆ (ಎರಡು ತುದಿಗಳ ನಡುವಿನ ಉದ್ದ), ಸೀಟ್ ಬೋರ್ (ಸೀಟ್ ರಿಂಗ್ ಕೂರುವ ತೂತು) ಈ ಮೂರನ್ನು ಸೆಟ್ ಮಾಡಿದವನು ಬಿಟ್ಟು ಬೇರೊಬ್ಬ ಅಳೆದು ಸಹಿ ಹಾಕಲಿ. ಬೋರ್ ದೊಡ್ಡದಾದರೆ ಸೀಟ್ ರಿಂಗ್ ಸಡಿಲಾಗುತ್ತದೆ, ಕಡಿದ ಲೋಹ ವಾಪಸ್ ಬರುವುದಿಲ್ಲ.

ಟೆಸ್ಟ್ ಬೆಂಚಿನಲ್ಲೂ ಹಾಗೇ. ವಾಲ್ವ್ ಪರೀಕ್ಷೆಯ ಮಾನದಂಡ ಎಪಿಐ 598ರ ಪ್ರಕಾರ ಶೆಲ್ ಟೆಸ್ಟಿಗೆ (ಬಾಡಿ ಸೋರುತ್ತದೆಯೇ ನೋಡುವ ಪರೀಕ್ಷೆ) ವಾಲ್ವಿನ ಒತ್ತಡ ರೇಟಿಂಗಿನ 1.5 ಪಟ್ಟು ಒತ್ತಡ, 6 ಇಂಚಿನ ವಾಲ್ವಿಗೆ ಕನಿಷ್ಠ 60 ಸೆಕೆಂಡು. ಕಾಸ್ಟಿಂಗಿನಲ್ಲಿ ಸೂಕ್ಷ್ಮ ತೂತಿದ್ದರೆ ನೀರು ಚಿಮ್ಮುವುದಿಲ್ಲ, ಬಾಡಿಯ ಕತ್ತಿನ ಹತ್ತಿರ ಬೆವರಿನ ಹಾಗೆ ಮೆಲ್ಲಗೆ ಮೂಡುತ್ತದೆ. ಒರೆಸಿ ಮತ್ತೆ ನೋಡಬೇಕು. ರಿಜೆಕ್ಟ್ ಆದ ಪ್ರತಿ ನಗಕ್ಕೂ ಬೈಗುಳ, ಪಗಾರ ಕಡಿತ ಇದ್ದರೆ ಟೆಸ್ಟ್ ಮಾಡುವ ಹುಡುಗ 30 ಸೆಕೆಂಡಿಗೇ ವಾಲ್ವ್ ಇಳಿಸುತ್ತಾನೆ. ತಪ್ಪು ಅವನದಲ್ಲ, ಪಗಾರ ಕಡಿಯುವ ಪದ್ಧತಿಯದು. ಕಡಿತ ನಿಲ್ಲಿಸಿ, ಹೀಟ್ ನಂಬರ್ (ಯಾವ ಎರಕದ ಲೋಹ ಎಂದು ಗುರುತಿಸುವ ಸಂಖ್ಯೆ) ಬರೆದು ಅದೇ ದಿನ ಫೌಂಡ್ರಿಗೆ ಫೋಟೋ ಕಳಿಸಿ.

ಟೊಯೋಟಾದಲ್ಲಿ ಲೈನಿನ ಕೆಲಸಗಾರನೇ ಹಗ್ಗ ಎಳೆದು ತೊಂದರೆ ತಿಳಿಸಬಹುದು, ಪರಿಹಾರ ಸಿಗದಿದ್ದರೆ ಲೈನ್ ನಿಲ್ಲುತ್ತದೆ. ನಿಮ್ಮಲ್ಲಿ ಹಗ್ಗ ಬೇಡ. ಆದರೆ ಒಬ್ಬ ಆಪರೇಟರ್ ಅನುಮಾನ ಬಂದು ಮಷಿನ್ ನಿಲ್ಲಿಸಿ, ನೋಡಿದರೆ ಅಳತೆ ಸರಿಯಿದೆ ಎಂದಾಗ ಮಾಲಕರು ಏನನ್ನುತ್ತಾರೆ? "ಚಲೋ ಮಾಡಿದಿ, ಮುಂದೂ ನಿಲ್ಲಿಸು" ಎಂದರೆ ಆಯಿತು. ಮುಖ ಗಂಟು ಹಾಕಿದರೆ 24 ಜನರಲ್ಲಿ ಯಾರೂ ಇನ್ನೊಮ್ಮೆ ನಿಲ್ಲಿಸುವುದಿಲ್ಲ.

ಲೆಕ್ಕಪತ್ರ_ಗದಗ:
ವಸೂಲಿಗೆ ಮಾಲಕರೇ ಪುಣೆಗೆ ಹೋಗುವುದನ್ನೂ ತಪ್ಪಿಸಬಹುದು. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸಿನ ಮೇಲೆ ಹಾಕಿ. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ಕಿರು, ಸಣ್ಣ ಘಟಕಗಳಿಗೆ ಹಣ ಕೊಡುವ ಅವಧಿ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದಿನದ ಎಣಿಕೆ ಮಾಲು ಸ್ವೀಕರಿಸಿದಂದಿನಿಂದ, ಹಾಗಾಗಿ ಚಲನ್ನಿನ ಮೇಲೆ ತಾರೀಖಿನ ಸಮೇತ ಸಹಿ ತಪ್ಪದೆ ತಗೊಳ್ಳಿ. ಇದಿಲ್ಲದೆ ಮುಂದಿನ ವಾದ ನಿಲ್ಲುವುದಿಲ್ಲ. 30ನೇ ದಿನ ಫೋನು, 40ಕ್ಕೆ ಮೇಲ್, ಅವಧಿ ಮುಗಿದರೆ ಸರ್ಕಾರದ ಬಾಕಿ ದೂರಿನ ಪೋರ್ಟಲ್ಲಿಗೆ ಹೋಗುವ ಮುನ್ನ ಮಾಲಕರ ಒಪ್ಪಿಗೆ. ಇಷ್ಟನ್ನು ಅಕೌಂಟ್ಸ್ ನೋಡುವವರಿಗೇ ಬಿಡಿ.

ಗೋಕುಲರೋಡ್_ವಾಲ್ವ್:
ಬಹಳ ಉಪಕಾರ ಆಯ್ತ್ರೀ. ನೋಟ್‌ಬುಕ್ ಸೋಮವಾರದಿಂದಲೇ ಇಡುತ್ತೇವೆ. ರಾತ್ರಿ ಶಿಫ್ಟಿನಲ್ಲಿ ಇನ್‌ಸ್ಪೆಕ್ಟರ್ ಇರುವುದಿಲ್ಲ. ಆಗ ಫಸ್ಟ್ ಪೀಸಿಗೆ ಸಹಿ ಯಾರದು?

ಕ್ವಾಲಿಟಿ_ಬೆಂಚ್:
ಪಕ್ಕದ ಮಷಿನ್ ಆಪರೇಟರ್‌ದು. ಅವನಿಗೆ ಬೋರ್ ಗೇಜನ್ನು ಮಾಸ್ಟರ್ ರಿಂಗಿನಲ್ಲಿ (ನಿಖರ ಅಳತೆಯ ಬಳೆ) ಸೊನ್ನೆಗೆ ಹೊಂದಿಸುವುದು ಮೊದಲು ಕಲಿಸಿ. ಶಾಪಿನಲ್ಲಿ ಒಬ್ಬನೇ ಇದ್ದರೆ ಆ ರಾತ್ರಿ ಹೊಸ ಸೆಟ್ಟಿಂಗ್ ಬೇಡ, ಹಗಲಲ್ಲಿ ಪಾಸಾದ ಲಾಟೇ ಓಡಲಿ.