ಎರಡು ಹಳೆಯ ಕಾರ್ಡೋ, ಒಂದು ಹೊಸದೋ?

ಪ್ರಶ್ನೆ, ನೀರ್ಚಾಲಿನಿಂದ: ನನ್ನಲ್ಲಿ 8 ಜಿಬಿಯ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡು ಇದೆ. ಮಂಗಳೂರಿನಲ್ಲಿ ಒಬ್ಬರು ಅಂಥದೇ ಇನ್ನೊಂದನ್ನು ಅಗ್ಗಕ್ಕೆ ಕೊಡುತ್ತಾರಂತೆ. ಎರಡನ್ನೂ ಕ್ರಾಸ್‌ಫೈರ್‌ನಲ್ಲಿ (ಎಎಂಡಿಯ ಕಾರ್ಡುಗಳನ್ನು ಒಟ್ಟಿಗೆ ದುಡಿಸುವ ವ್ಯವಸ್ಥೆ) ಜೋಡಿಸಲೇ, ಅಥವಾ ಇದ್ದುದನ್ನು ಮಾರಿ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060 ಇವುಗಳಲ್ಲಿ ಒಂದನ್ನು ಕೊಳ್ಳಲೇ? ಪರದೆ 1080ಪಿ, ಪವರ್ ಸಪ್ಲೈ 550 ವ್ಯಾಟ್. ಆಡುವುದು ಜಿಟಿಎ 5 ಮತ್ತು ಸೈಬರ್‌ಪಂಕ್ 2077.

ಬದಿಯಡ್ಕದಿಂದ: ಎರಡು 580ಗಳನ್ನು ಜೋಡಿಸಿ ಆಡಿದವನು ನಾನು. ಜಿಟಿಎ 5ರಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಸೈಬರ್‌ಪಂಕ್‌ನಲ್ಲಿ ಎರಡನೆಯ ಕಾರ್ಡು ಸುಮ್ಮನೆ ಕುಳಿತಿರುತ್ತದೆ. ಆ ಆಟಕ್ಕೆ ಜೋಡಿಯ ಬೆಂಬಲವೇ ಇಲ್ಲ. ಲಾಭ ಸಿಗುವಲ್ಲಿಯೂ ಸರಾಸರಿ ಅಂಕಿಯನ್ನು ನಂಬಬೇಡಿ. ಕಾರ್ಡುಗಳು ಒಂದು ಫ್ರೇಮ್ ಅದು, ಒಂದು ಫ್ರೇಮ್ ಇದು ಎಂದು ಸರದಿಯಲ್ಲಿ ಬಿಡಿಸುತ್ತವೆ. ಒಂದು ಫ್ರೇಮ್ 8 ಮಿಲಿಸೆಕೆಂಡಿಗೆ, ಮುಂದಿನದು 25 ಮಿಲಿಸೆಕೆಂಡಿಗೆ ಬಂದರೆ ಲೆಕ್ಕದಲ್ಲಿ ಸೆಕೆಂಡಿಗೆ 60 ಫ್ರೇಮ್. ಕಣ್ಣಿಗೆ ಮಾತ್ರ 40ರ ತಡವರಿಕೆ. ತಿರುವಿನಲ್ಲಿ ಕಾರು ಓಡಿಸುವಾಗ ಇದು ತಲೆನೋವು ತರಿಸುತ್ತದೆ. ಇನ್ನು 8 ಮತ್ತು 8 ಸೇರಿ 16 ಜಿಬಿ ಆಗುತ್ತದೆ ಎಂದು ಮಾರುವವರು ಹೇಳಿದರೆ ನಕ್ಕು ಬಿಡಿ. ಒಂದೇ ದತ್ತಾಂಶದ ಪ್ರತಿ ಎರಡರಲ್ಲೂ ಇರಬೇಕಾದ್ದರಿಂದ ಬಳಕೆಗೆ ದಕ್ಕುವುದು 8 ಮಾತ್ರ.

ಹೊಸಂಗಡಿಯಿಂದ: ಕಂಪನಿಗಳೇ ಕೈಬಿಟ್ಟ ದಾರಿ ಇದು. ಎನ್‌ವಿಡಿಯಾ 2016ರಲ್ಲೇ ಜಿಟಿಎಕ್ಸ್ 1060ಕ್ಕೆ ತನ್ನ ಜೋಡಿ ವ್ಯವಸ್ಥೆಯಾದ ಎಸ್‌ಎಲ್‌ಐ ಕೊಡಲಿಲ್ಲ. 2021ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲುಗಳನ್ನೂ (ಒಂದೊಂದು ಆಟಕ್ಕೆ ಬೇಕಾದ ಜೋಡಣೆಯ ಹೊಂದಿಕೆ) ನಿಲ್ಲಿಸಿತು. 2019ರ ಆರ್‌ಎಕ್ಸ್ 5700 ಎಕ್ಸ್‌ಟಿಯಲ್ಲಿ ಕ್ರಾಸ್‌ಫೈರ್ ಇಲ್ಲ. ಆಟ ಮತ್ತು ಕಾರ್ಡಿನ ನಡುವಿನ ವಿಂಡೋಸ್ ತಂತ್ರಾಂಶವಾದ ಡೈರೆಕ್ಟ್‌ಎಕ್ಸ್ 12 ಬಂದ ಮೇಲೆ ಜೋಡಿಯನ್ನು ದುಡಿಸುವ ಹೊಣೆ ಆಟ ತಯಾರಿಸುವವರ ಹೆಗಲಿಗೆ ಬಿತ್ತು, ಅವರಲ್ಲಿ ಹೆಚ್ಚಿನವರು ಆ ಗೋಜಿಗೇ ಹೋಗಲಿಲ್ಲ. ಒಂಟಿ 6600 ನಿಮ್ಮ 580ಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲು, ಅದೂ ಎಲ್ಲ ಆಟಗಳಲ್ಲಿ. ಆದರೆ ಅದು ಎಂಟೇ ಲೇನ್‌ಗಳ (ಮದರ್‌ಬೋರ್ಡಿನೊಡನೆ ದತ್ತಾಂಶ ಸಾಗುವ ಹಾದಿ) ಕಾರ್ಡು. ಮದರ್‌ಬೋರ್ಡಿನ ಸ್ಲಾಟ್ ಹಳೆಯ ಪಿಸಿಐಇ 3.0 ಆಗಿದ್ದರೆ ಕೆಲವು ಆಟಗಳಲ್ಲಿ ತುಸು ಹಿಂದೆ ಬೀಳುತ್ತದೆ. 3060ಕ್ಕೆ ಹದಿನಾರು ಲೇನ್, 12 ಜಿಬಿ, ಜೊತೆಗೆ ಸಣ್ಣ ಚಿತ್ರವನ್ನು ಎಐಯಿಂದ ಹಿಗ್ಗಿಸಿ ವೇಗ ಹೆಚ್ಚಿಸುವ ಡಿಎಲ್‌ಎಸ್‌ಎಸ್. ಸೈಬರ್‌ಪಂಕ್ ಆಡುವವರಿಗೆ ನನ್ನ ಮತ ಅದಕ್ಕೇ. 8 ಜಿಬಿಯ 3060 ಎಂಬುದೂ ಒಂದಿದೆ, ಮೆಮೊರಿಯ ಹಾದಿ ಕಿರಿದು, ಅದನ್ನು ಮುಟ್ಟಬೇಡಿ.

ಮುಳ್ಳೇರಿಯದಿಂದ: ಕರೆಂಟಿನ ಮಾತನ್ನು ಯಾರೂ ಎತ್ತಲಿಲ್ಲ. 580ಕ್ಕೆ 185 ವ್ಯಾಟ್, ಎರಡಕ್ಕೆ 370. ಮೇಲೆ ಪ್ರೊಸೆಸರ್ ಬೇರೆ. 550ರ ಸಪ್ಲೈ ಏದುಸಿರು ಬಿಡುತ್ತದೆ. 6600ಕ್ಕೆ 132, 3060ಕ್ಕೆ 170 ಸಾಕು. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಓಡುವ ಹೊತ್ತಿಗೆ ನಮ್ಮ ಕಡೆ ವೋಲ್ಟೇಜ್ ಹೇಗೆ ಕುಸಿಯುತ್ತದೆ ಎಂಬುದು ನಿಮಗೂ ಗೊತ್ತು. ಆಗ ಜೋಡಿ ಕಾರ್ಡಿನ ಭಾರ ಹೊತ್ತ ನನ್ನ ಸಣ್ಣ ಯುಪಿಎಸ್ ಕಿರುಚಿ ಆರಿಹೋಗುತ್ತಿತ್ತು. ತುಲಾ ತಿಂಗಳ ಸಿಡಿಲಿಗಂತೂ ಕಾರ್ಡು ಯಾವುದಾದರೇನು, ಪ್ಲಗ್ ಕಿತ್ತಿಡಿ.

ಉಪ್ಪಳದಿಂದ: ಹಳೆಯದನ್ನು ಮಾರಲೇಬೇಕೆಂದಿಲ್ಲ. ನಾನು ಹೊಸ ಕಾರ್ಡಿನಲ್ಲಿ ಆಟ ಓಡಿಸಿ, ಲಾಸ್‌ಲೆಸ್ ಸ್ಕೇಲಿಂಗ್ ತಂತ್ರಾಂಶದ ಫ್ರೇಮ್ ಸೃಷ್ಟಿಯ (ಆಟದ ಫ್ರೇಮ್‌ಗಳ ನಡುವೆ ಹೆಚ್ಚುವರಿ ಫ್ರೇಮ್ ಸೇರಿಸುವ) ಕೆಲಸವನ್ನು ಹಳೆಯ ಕಾರ್ಡಿಗೆ ಒಪ್ಪಿಸಿದ್ದೇನೆ. ನೋಟ ನುಣುಪಾಗುತ್ತದೆ. ಮೌಸಿನ ಪ್ರತಿಕ್ರಿಯೆ ಮಾತ್ರ ಚುರುಕಾಗುವುದಿಲ್ಲ, ತುಸು ನಿಧಾನವೇ ಆದೀತು. ಗುಂಡು ಹಾರಿಸುವ ಸ್ಪರ್ಧೆಯ ಆಟಗಳಿಗೆ ಬೇಡ. ಎರಡನೆಯ ಸ್ಲಾಟ್ ನಾಲ್ಕೇ ಲೇನಿನದಾಗಿದ್ದರೆ ಅದೂ ಅಡ್ಡಿ. ಇಲ್ಲಿಯೂ ಪವರ್ ಸಪ್ಲೈ ದೊಡ್ಡದು ಬೇಕು, ಮುಳ್ಳೇರಿಯದವರ ಮಾತು ಸರಿ.

ಕುಂಬಳೆಯಿಂದ: ಅಷ್ಟೆಲ್ಲ ಕೇಳಿಯೂ ಆ ಅಗ್ಗದ 580 ಬೇಕೇ ಬೇಕು ಎಂದಾದರೆ, ಹಣ ಕೊಡುವ ಮೊದಲು ಅವರ ಎದುರಿನಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಶೇಡರ್ (ಚಿಪ್ಪಿನೊಳಗಿನ ಲೆಕ್ಕದ ಘಟಕ) ಸಂಖ್ಯೆ ನೋಡಿ. 2304 ಇರಬೇಕು. 2048 ಎಂದಿದ್ದರೆ ಅದು ಅದೇ ಹೆಸರಿನ ಕೆಳದರ್ಜೆಯ ಕಾರ್ಡು. ಕ್ರಿಪ್ಟೋ ಹಣದ ಗಣಿಗಾರಿಕೆಯಲ್ಲಿ ದುಡಿದದ್ದೇ ಎಂದೂ ಕೇಳಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಗಣಿಗಾರಿಕೆ ನಿಂತ ಮೇಲೆ ಅಂಥವು ಬೇಕಾದಷ್ಟು ಮಾರಾಟಕ್ಕೆ ಬಂದಿವೆ, ಕೆಲವುಗಳ ಬಯೋಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ಕೂಡ ಬದಲಾಗಿರುತ್ತದೆ.